ಯಾರೂ ನೋಡದ ಸಿನಿಮಾಕ್ಕೆ ಊರೆಲ್ಲ ಸಾಕ್ಷಿ

ಒಹಾಯೋ ಸೀಮೆಯ ಆಶ್‌ಬಿ ಮಿಲ್ಸ್ ಎಂಬ ಊರಿನಲ್ಲಿ ಅಕ್ಟೋಬರ್ ಬಂತೆಂದರೆ ಗಂಡಸರಿಗೆ ಎರಡೇ ಕೆಲಸ. ಒಂದು, ಅಂಗಳದಲ್ಲಿ ಬಿದ್ದ ಎಲೆ ಗುಡಿಸುವುದು. ಇನ್ನೊಂದು, ಹ್ಯಾಲೋವೀನ್ ಹೊತ್ತಿಗೆ ಯಾವ ಭಯದ ಸಿನಿಮಾ ನೋಡಬೇಕೆಂದು ಜಗಳವಾಡುವುದು. ಎಲೆ ಗುಡಿಸುವುದನ್ನು ತಪ್ಪಿಸಿಕೊಂಡವರು ಬೇಕಾದಷ್ಟು ಜನ ಸಿಗುತ್ತಾರೆ. ಜಗಳ ತಪ್ಪಿಸಿಕೊಂಡವರೆಲ್ಲ ಚರ್ಚಿನ ಹಿಂದೆ ಕಲ್ಲಿನಡಿ ಮಲಗಿದ್ದಾರೆ.

ಈ ಜಗಳದ ನ್ಯಾಯಪೀಠ ಇದ್ದದ್ದು ಹಾರ್ಡ್‌ವೇರ್ ಅಂಗಡಿಯ ಬಣ್ಣದ ಕೌಂಟರಿನಲ್ಲಿ. ನ್ಯಾಯಾಧೀಶ ವೆಂಡೆಲ್ ಟಿಡ್ರಿಕ್. ಹತ್ತೊಂಬತ್ತು ವರ್ಷಗಳಿಂದ ಅವನು ಅಲ್ಲಿ ನಿಂತು ಜನರಿಗೆ ಬಣ್ಣ ಕಲಸಿ ಕೊಡುತ್ತಿದ್ದ, ಜೊತೆಗೆ ತೀರ್ಪನ್ನೂ ಕೊಡುತ್ತಿದ್ದ. ಯಾರಾದರೂ ಒಂದು ಸಿನಿಮಾವನ್ನು ಭಯಂಕರ ಎಂದರೆ ಸಾಕು, ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ಅದಾ? ಅದಕ್ಕೆಲ್ಲ ಹೆದರ್ತಾರಾ? ನಮ್ಮತ್ತೆ ಹಲ್ಲುಸೆಟ್ಟು ಹಾಕ್ಕೊಳ್ಳೋಕ್ ಮುಂಚೆ ಒಂದ್ಸಲ ನೋಡು, ಆಮೇಲ್ ಮಾತಾಡು!"

ಇಂಥ ತೀರ್ಪಿನ ಮೇಲೆ ಯಾರೂ ಮೇಲ್ಮನವಿ ಸಲ್ಲಿಸುತ್ತಿರಲಿಲ್ಲ. ಇಷ್ಟು ವರ್ಷ ಇಷ್ಟೊಂದು ಸಿನಿಮಾಗಳನ್ನು ಹೀಗೆ ಉಗಿದವನು ಎಷ್ಟು ನೋಡಿರಬೇಡ ಎಂದು ಊರೇ ಬೆರಗಾಗಿತ್ತು. ನಿಜ ಗೊತ್ತಿದ್ದದ್ದು ಒಬ್ಬಳಿಗೆ, ಅವನ ಹೆಂಡತಿ ಡಾರ್ಲೀನ್‌ಗೆ. ಮನೆಯಲ್ಲಿ ಇಬ್ಬರೂ ಸಿನಿಮಾ ಹಾಕಿಕೊಂಡು ಕೂತರೆ, ಹಿನ್ನೆಲೆಯಲ್ಲಿ ಪಿಟೀಲು ಸ್ವಲ್ಪ ಕೊಂಯ್ ಎಂದ ಕೂಡಲೇ ವೆಂಡೆಲ್ ಎದ್ದುಬಿಡುತ್ತಿದ್ದ. "ನಾಯೀನ ಹೊರಗೆ ಬಿಟ್ಟು ಬರ್ತೀನಿ" ಎಂದು ಹಿತ್ತಲಿಗೆ ಹೋದವನು, ಒಳಗೆ ಎಲ್ಲರೂ ಸತ್ತು ಹೆಸರುಗಳು ಮೇಲಕ್ಕೆ ಹರಿಯತೊಡಗಿದ ಮೇಲೆಯೇ ಬರುತ್ತಿದ್ದ. ಆ ನಾಯಿ ಸತ್ತು ಆರು ವರ್ಷವಾಗಿತ್ತು.

ಹೀಗೆ ಸುಖವಾಗಿ ನಡೆದುಹೋಗುತ್ತಿದ್ದ ಬದುಕಿಗೆ ಕಲ್ಲು ಹಾಕಿದವಳು ಊರ ಗ್ರಂಥಾಲಯದ ಗ್ವೆನ್ ಪ್ರಾಸರ್. ಸಣಕಲು ಹೆಂಗಸು, ಸ್ವೆಟರಿನ ಎರಡೂ ಜೇಬಿನಲ್ಲಿ ಪೆನ್ಸಿಲು. ಹ್ಯಾಲೋವೀನಿಗೆ ಎರಡು ವಾರ ಇದೆ ಎನ್ನುವಾಗ ಅವಳು ಬಣ್ಣದ ಕೌಂಟರಿಗೆ ಬಂದು ನಿಂತಳು.

"ವೆಂಡೆಲ್, ಈ ಸಲ ನಮ್ಮ ಗ್ರಂಥಾಲಯದ ಪತ್ರಿಕೇಲಿ ನಿಮ್ಮ ಮೆಚ್ಚಿನ ಹತ್ತು ಭಯದ ಸಿನಿಮಾ ಹಾಕೋಣ ಅಂತಿದೀನಿ. ಒಂದೊಂದಕ್ಕೂ ಎರಡೆರಡು ಸಾಲು ಕಥೆ."

"ಹತ್ತಾ? ಹತ್ತಕ್ಕೆ ನಿಲ್ಲಿಸೋದು ಕಷ್ಟ ಕಣ್ರೀ."

"ಆದ್ರೆ ಎಲ್ಲರಿಗೂ ಗೊತ್ತಿರೋವು ಬೇಡ. ಅವನ್ನ ನಾನೇ ಬರೀತೀನಿ. ನಿಮ್ಮಂಥ ಬಲ್ಲವರಿಗೆ ಮಾತ್ರ ಗೊತ್ತಿರೋವು ಬೇಕು. ಮೊದಲನೇದನ್ನ ಮುಂದಿನ ವಾರ ಶನಿವಾರ ಮಧ್ಯಾಹ್ನ ನಮ್ಮ ನೆಲಮಾಳಿಗೆ ಹಾಲಲ್ಲಿ ತೋರಿಸೋಣ. ಡಿಸ್ಕ್ ನಿಮ್ಮ ಹತ್ರ ಇರುತ್ತಲ್ವಾ?"

"ಇರುತ್ತಾ ಅಂತ ಕೇಳ್ತೀರಲ್ರೀ ನನ್ನ! ನನ್ನ!" ಎಂದು ವೆಂಡೆಲ್ ಡಬ್ಬಿಯ ಮುಚ್ಚಳವನ್ನು ಸುತ್ತಿಗೆಯಿಂದ ಬಡಿದ. ಉತ್ತರ ಗೊತ್ತಿಲ್ಲದಾಗ ಸಿಟ್ಟಾಗುವುದು ಅವನ ಹಳೆಯ ಅಭ್ಯಾಸ. ಅದರಿಂದ ಅವನಿಗೆ ಅಲ್ಲಿಯವರೆಗೆ ಒಳ್ಳೆಯದೇ ಆಗಿತ್ತು.

ಅಂದು ಸಂಜೆ ಅವನು ಮನೆಯಲ್ಲಿ ಮೇಪಲ್ ಬೀದಿ ಕಡೆಯ ಕಿಟಕಿಯ ಬಳಿ ಕಾಗದ ಇಟ್ಟುಕೊಂಡು ಕೂತ. ಅವನಿಗೆ ಹೆಸರು ಗೊತ್ತಿದ್ದ ಸಿನಿಮಾಗಳು ಹನ್ನೊಂದು. ಹನ್ನೊಂದೂ ಹಾಲು ಹಾಕುವವನಿಗೂ ಗೊತ್ತಿದ್ದಂಥವು. ಡಾರ್ಲೀನಳನ್ನು ಕೇಳಬಹುದಿತ್ತು. ಆದರೆ ಹಿಂದಿನ ದಿನ ತಾನೇ ಎಲೆ ಗುಡಿಸುವ ವಿಷಯಕ್ಕೆ ಜಗಳವಾಗಿ ಇಬ್ಬರಿಗೂ ಮಾತಿರಲಿಲ್ಲ. ವೆಂಡೆಲ್ ಪೆನ್ನಿನ ತುದಿ ಕಚ್ಚುತ್ತ ಹೊರಗೆ ನೋಡಿದ.

ಎದುರಿಗೆ ಮೂಲೆಮನೆಯ ಜಗಲಿಯಲ್ಲಿ ಆಗಸ್ಟಾ ಶೂಪ್ ಕೂತು ಹ್ಯಾಲೋವೀನ್ ದೀಪಕ್ಕೆಂದು ಉದ್ದನೆಯ ಚಾಕುವಿನಿಂದ ಕುಂಬಳಕಾಯಿಯಲ್ಲಿ ಮುಖ ಕೊರೆಯುತ್ತಿದ್ದಳು. ಎಂಬತ್ತೊಂದು ವರ್ಷದ ವಿಧವೆ. ಶಾಲೆಯಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿ, ಊರಿನ ಮುಕ್ಕಾಲು ಪಾಲು ಜನರ ತಟ್ಟೆಗೆ ಬಡಿಸಿದವಳು. ಚಾಕು ಕುಂಬಳದ ಕಣ್ಣಿನೊಳಗೆ ಕಚಕ್ ಎಂದು ಇಳಿಯಿತು. ವೆಂಡೆಲ್ ಬೆಚ್ಚಿಬಿದ್ದ. ಬೆಚ್ಚಿದವನೇ ಬರೆದ:

'ಒಂದು: ಮೂಲೆಮನೆಯ ಅಡುಗೆಯವಳು. ಹಸಿರು ಬಾಗಿಲಿನ ಮನೆಯಲ್ಲಿ ಒಬ್ಬ ವಿಧವೆ, ಹಿಂದೆ ಶಾಲೆಯ ಅಡುಗೆಯವಳು. ಹ್ಯಾಲೋವೀನ್ ಸಂಜೆ ಮಕ್ಕಳನ್ನು ಒಳಗೆ ಕರೆಯುತ್ತಾಳೆ. ಒಳಗೆ ಹೋದ ಮಕ್ಕಳ ಸಂಖ್ಯೆಗೂ ಹೊರಗೆ ಬಂದ ಮಕ್ಕಳ ಸಂಖ್ಯೆಗೂ ತಾಳೆಯಾಗುವುದಿಲ್ಲ.'

ಇದು ಬಂದ ಮೇಲೆ ಉಳಿದ ಒಂಬತ್ತು ನಲ್ಲಿ ನೀರಿನಂತೆ ಸುರಿದವು. ಬೀದಿಯಾಚೆ ಕ್ಲೆಟಸ್ ಓಟ್‌ನ ಕ್ಷೌರದಂಗಡಿ ಕಾಣುತ್ತಿತ್ತು. ಅದರಿಂದ 'ಕೊನೆಯ ಗಿರಾಕಿ' ಹುಟ್ಟಿತು, ಏಳನೆಯ ಸ್ಥಾನಕ್ಕೆ ಹೋಯಿತು. ಬರೆದು ಮುಗಿಸಿದ ವೆಂಡೆಲ್ ಮನೆಯ ದೀಪವನ್ನೆಲ್ಲ ಹಚ್ಚಿ, ಬೇಗ ಮಲಗಿದ.

ಸೋಮವಾರ ಪತ್ರಿಕೆ ಹೊರಬಿತ್ತು. ಹತ್ತು ಗಂಟೆಗೆ ಅಗ್ನಿಶಾಮಕ ದಳದ ಮುಖ್ಯಸ್ಥ ರಾಯ್ಸ್ ಹಾರ್ಷ್‌ಮನ್ ಕೆಂಪು ಬಣ್ಣ ಕೊಳ್ಳಲು ಬಂದ. ಆರಡಿ ಎತ್ತರ, ಅದಕ್ಕೆ ತಕ್ಕ ಗಂಟಲು.

"ನಿನ್ನ ಪಟ್ಟಿ ನೋಡ್ದೆ ವೆಂಡೆಲ್. ಪರವಾಗಿಲ್ಲ. ಮೂಲೆಮನೆ ಅಡುಗೆಯವಳನ್ನ ಸರಿಯಾದ ಜಾಗದಲ್ಲೇ ಇಟ್ಟಿದೀಯ. ನಾನು ಎರಡು ಸಲ ನೋಡಿದೀನಿ."

ಬಣ್ಣ ಕಲಕುವ ಯಂತ್ರ ಗಡಗಡ ನಡುಗುತ್ತಿತ್ತು. ಅದಕ್ಕೆ ಒರಗಿ ನಿಂತಿದ್ದ ವೆಂಡೆಲ್ ಕೂಡ ನಡುಗಿದ. "ಎ... ಎಲ್ಲಿ ನೋಡಿದೆ?"

"ಕೊಲಂಬಸ್‌ನಲ್ಲಿ. ಹಳೇ ಥಿಯೇಟರು, ಈಗ ಕೆಡವಿಬಿಟ್ಟಿದಾರೆ. ಅಬ್ಬಾ, ಆ ಫ್ರೀಜರ್ ಬಾಗಿಲು ತೆಗೀತಾಳಲ್ಲಪ್ಪಾ..."

"ಹೂಂ," ಎಂದ ವೆಂಡೆಲ್, ತೆಳ್ಳನೆಯ ದನಿಯಲ್ಲಿ. "ಫ್ರೀಜರ್."

"ಫ್ರೀಜರ್‌ಗೂ ಮುಂಚೆ ಸೂಪ್ ಬರುತ್ತಲ್ಲೋ!" ಎಂದು ಹಿಂದಿನಿಂದ ಒಂದು ಕೂಗು. ಕ್ಷೌರಿಕ ಕ್ಲೆಟಸ್, ಹೆಗಲ ಮೇಲೆ ಟವೆಲ್ ಸಮೇತ. "ಸೂಪಿನಲ್ಲಿ ಶೂ ಲೇಸ್ ತೇಲುತ್ತೆ. ಅದು ನಿಜವಾದ ಭಯ. ಫ್ರೀಜರ್ ಏನು, ಯಾರ್ ಬೇಕಾದ್ರೂ ತೆಗೀತಾರೆ. ಆದ್ರೆ ವೆಂಡೆಲ್, ನಿನಗೆ ನಾಚಿಕೆ ಆಗಬೇಕು. 'ಕೊನೆಯ ಗಿರಾಕಿ'ನ ಏಳಕ್ಕೆ ತಳ್ಳಿದೀಯಲ್ಲ! ಅಂಥ ಸಿನಿಮಾನ! ಮೂರು ಸಲ ನೋಡಿ ಅತ್ತಿದೀನಿ ನಾನು! ಇನ್ಮೇಲೆ ನಿನ್ನ ಕೂದಲು ನೀನೇ ಕತ್ತರಿಸ್ಕೋ!"

ಇದು ಆಶ್‌ಬಿ ಮಿಲ್ಸ್‌ನ ಗುಣ. ಅಲ್ಲಿ ಸಾಲ ಇದೆ ಎಂದು ಒಪ್ಪಿಕೊಳ್ಳುವವರು ಸಿಗುತ್ತಾರೆ, ಕುಡಿಯುತ್ತೇನೆ ಎಂದು ಒಪ್ಪಿಕೊಳ್ಳುವವರು ಸಿಗುತ್ತಾರೆ. ಒಂದು ಭಯದ ಸಿನಿಮಾವನ್ನು ನಾನು ನೋಡಿಲ್ಲ ಎಂದು ಒಪ್ಪಿಕೊಳ್ಳುವ ಗಂಡಸು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ಸೋಮವಾರ ಬೆಳಿಗ್ಗೆ ಆ ಸಿನಿಮಾದಲ್ಲಿ ಒಂದು ಫ್ರೀಜರ್, ಒಂದು ಸೂಪು ಮಾತ್ರ ಇದ್ದವು. ಸಂಜೆಯ ಹೊತ್ತಿಗೆ ಮಾಂಸ ಅರೆಯುವ ಯಂತ್ರ ಮತ್ತು ಮೂರು ಹೆಣ ಸೇರಿದವು. ಮಂಗಳವಾರ ಹೆಣಗಳು ಹದಿನಾಲ್ಕಾದವು. ಅಂಚೆಯವನಿಗೆ ಎರಡನೇ ಭಾಗ ಅಷ್ಟು ಹಿಡಿಸಿರಲಿಲ್ಲವಂತೆ. ಬುಧವಾರ ಯಾರೋ ತಗ್ಗಿದ ದನಿಯಲ್ಲಿ, "ಅದು ನಿಜವಾಗಿ ನಡೆದದ್ದಂತೆ. ಇದೇ ಜಿಲ್ಲೇಲಂತೆ" ಎಂದರು. ಅಷ್ಟು ಸಾಕಾಯಿತು. ಗುರುವಾರ ಶಾಲೆ ಬಿಟ್ಟ ಮಕ್ಕಳು ಮೂಲೆಮನೆ ಬಂದ ಕೂಡಲೇ ಬೀದಿ ದಾಟಿ ಆಚೆ ಬದಿಗೆ ಹೋಗತೊಡಗಿದರು.

ಶುಕ್ರವಾರ ಹಾರ್ಡ್‌ವೇರ್ ಅಂಗಡಿಯ ಗಾಜಿನ ಬಾಗಿಲು ಧಡ್ ಎಂದು ತೆರೆದುಕೊಂಡಿತು. ಆಗಸ್ಟಾ ಶೂಪ್ ಒಳಗೆ ಬಂದಳು. ಮಂಡಿ ನೋವಿನ ಹೆಂಗಸು, ಆದರೆ ಸಿಟ್ಟು ಎಂಬ ಊರುಗೋಲು ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ನಾಲ್ಕು ಮಡಿಕೆಯ ಪತ್ರಿಕೆ.

"ಲೋ ವೆಂಡೆಲ್."

ಅಂಗಡಿಯಲ್ಲಿ ಒಂಬತ್ತು ಗಂಡಸರಿದ್ದರು. ಅದರಲ್ಲಿ ಎಂಟು ಜನ ಅವಳ ಸೌಟಿನಿಂದ ಉಂಡವರು. ಎಂಟು ಜನರ ಕೈಗಳೂ ತಾವಾಗಿಯೇ ಜೇಬಿನಿಂದ ಹೊರಬಂದವು.

"ಮೂಲೆಮನೆ. ವಿಧವೆ. ಶಾಲೆಯ ಅಡುಗೆಯವಳು. ಹಸಿರು ಬಾಗಿಲು. ಯಾರೋ ಇದು?"

"ಸಿನಿಮಾ ಅಮ್ಮಾ... ಬರೀ ಸಿನಿಮಾ..."

"ನನ್ನ ಮನೆ ಬಾಗಿಲು ಯಾವ ಬಣ್ಣ?"

"ಹಸಿರು ಅಮ್ಮಾ."

"ಆ ಬಣ್ಣ ಕಲಸಿದ್ದು ಯಾರು?"

"ನಾನೇ ಅಮ್ಮಾ."

"ಮೂವತ್ತೊಂದು ವರ್ಷ ಈ ಊರಿನ ಹೊಟ್ಟೆ ತುಂಬಿಸಿದೀನಿ ನಾನು! ನಿನಗೆ ಬಟಾಣಿ ಸೇರ್ತಿರಲಿಲ್ಲ ಅಂತ ಬೇರೆ ಎತ್ತಿ ಇಟ್ಟು ಬಡಿಸಿದೀನಲ್ಲೋ, ಕೃತಘ್ನ! ನಿನ್ನೆ ಒಂದು ಮಗು ನನ್ನ ಮುಖ ಕಂಡು ಸೈಕಲ್ ನನ್ನ ಅಂಗಳದಲ್ಲೇ ಬಿಸಾಕಿ ಓಡಿಹೋಯ್ತು. ತಗೊಂಡು ಹೋಗೋಕೆ ಬಂದ ಅವರಮ್ಮ ಬೇಲಿ ಆಚೆ ನಿಂತ್ಕೊಂಡು, 'ಅಲ್ಲಿಂದಲೇ ಎಸೀರಿ' ಅಂದ್ಳು! ಸೈಕಲ್! ನಾನು! ಎಸೀಬೇಕಂತೆ!"

ರಾಯ್ಸ್ ಹಾರ್ಷ್‌ಮನ್ ಮೊಳೆಗಳ ಕಪಾಟಿನ ಹಿಂದೆ ಸರಿಯಲು ನೋಡಿದ. ಆರಡಿ ದೇಹಕ್ಕೆ ಆ ಕಪಾಟು ಸಾಲಲಿಲ್ಲ.

"ರಾಯ್ಸ್, ನೀನೂ ನೋಡಿದೀಯಂತೆ. ಎರಡು ಸಲ."

"ಹೌ... ಹೌದಮ್ಮಾ. ಆದ್ರೆ ನೀವು ಅಂತ ನನಗೆ ಗೊತ್ತಾಗಲಿಲ್ಲ. ಮುಖಕ್ಕೆ ನೆರಳು ಬಿದ್ದಿತ್ತು."

"ಸರಿ," ಎಂದಳು ಅಜ್ಜಿ. ದನಿ ಇಳಿದಿತ್ತು, ಆದರೆ ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ. "ಬರೋ ಗುರುವಾರ ಬೇಡುವ ಸಂಜೆ. ಈ ಸಲ ನನ್ನ ಜಗಲಿ ದೀಪ ಹಚ್ಚೋದಿಲ್ಲ."

ಒಂಬತ್ತು ಜನರೂ ಉಸಿರು ಹಿಡಿದರು. ಆ ಊರಿನಲ್ಲಿ ಹ್ಯಾಲೋವೀನಿನ ಬೇಡುವ ಸಂಜೆಗೆ ಊರಸಭೆಯೇ ಹೊತ್ತು ಗೊತ್ತುಮಾಡುತ್ತದೆ. ಆರು ಗಂಟೆಗೆ ಅಗ್ನಿಶಾಮಕ ದಳದ ಸೈರನ್ ಕೂಗಿದರೆ ವೇಷ ಹಾಕಿದ ಮಕ್ಕಳು ಮಿಠಾಯಿ ಬೇಡಲು ಮನೆಮನೆಗೆ ಹೊರಡಬೇಕು, ಎಂಟಕ್ಕೆ ಮತ್ತೆ ಕೂಗಿದರೆ ಮರಳಬೇಕು. ಜಗಲಿ ದೀಪ ಉರಿಯುತ್ತಿದ್ದ ಮನೆಗೆ ಹೋಗಬಹುದು, ಆರಿದ್ದರೆ ಮೆಟ್ಟಿಲು ತುಳಿಯುವಂತಿಲ್ಲ. ನಲವತ್ತಾರು ವರ್ಷಗಳಿಂದ ಮೇಪಲ್ ಬೀದಿಯಲ್ಲಿ ಮೊದಲು ಹತ್ತುತ್ತಿದ್ದದ್ದು ಮೂಲೆಮನೆಯ ದೀಪ. ಅದು ಕತ್ತಲಾಗಿದ್ದರೆ ಬೀದಿಯೇ ಇಲ್ಲ ಎಂದುಕೊಂಡು ಮಕ್ಕಳು ಮುಂದಿನ ಬೀದಿಗೆ ನಡೆಯುತ್ತಾರೆ.

"ಅದಕ್ಕೆ ಮುಂಚೆ ನಾಳೆ ಶನಿವಾರ ಇದೆ," ಎಂದು ಅಜ್ಜಿ ಪತ್ರಿಕೆಯನ್ನು ಕೌಂಟರಿಗೆ ಬಡಿದಳು. "ಮುಂದಿನ ಸಾಲಲ್ಲೇ ಕೂತ್ಕೋತೀನಿ. ತೋರಿಸು ಆ ಸಿನಿಮಾ. ಅದರಲ್ಲಿ ಇರೋಳು ನಾನೇ ಆದ್ರೆ ವಕೀಲರನ್ನ ನೋಡ್ತೀನಿ. ನಾನಲ್ಲದೇ ಇದ್ರೆ ನಿನ್ನನ್ನ ನೋಡ್ಕೋತೀನಿ."

ಸುದ್ದಿ ವೆಂಡೆಲ್‌ಗಿಂತ ಮುಂಚೆ ಅವನ ಮನೆ ಸೇರಿತ್ತು. ಅಡುಗೆಮನೆಯ ಮೇಜಿನ ಮೇಲೆ ಮಿಠಾಯಿಯ ನಲವತ್ತು ಚೀಲಗಳು ಗುಡ್ಡೆಯಾಗಿದ್ದವು. ಅವುಗಳ ಹಿಂದಿನಿಂದ ಡಾರ್ಲೀನಳ ತಲೆ ಮಾತ್ರ ಕಾಣುತ್ತಿತ್ತು. ಎಲೆಯ ಜಗಳದಿಂದ ಹಿಡಿದಿದ್ದ ಮೌನವನ್ನು ಅವಳು ಮುರಿದಳು.

"ಇದೆಯೇನ್ರೀ ಆ ಸಿನಿಮಾ?"

"ರಾಯ್ಸ್ ಎರಡು ಸಲ ನೋಡಿದಾನಂತೆ."

"ರಾಯ್ಸ್ ಸುದ್ದಿ ನಾನು ಕೇಳಲಿಲ್ಲ. ಇದೆಯೋ ಇಲ್ವೋ?"

"ಕ್ಲೆಟಸ್‌ಗೆ ಸೂಪಿನ ಭಾಗ ತುಂಬಾ ಹಿಡಿಸ್ತಂತೆ."

"ವೆಂಡೆಲ್!"

ವೆಂಡೆಲ್ ಹಿತ್ತಲ ಬಾಗಿಲಿನ ಕಡೆ ನೋಡಿದ. "ನಾಯೀನ ಸ್ವಲ್ಪ ಹೊರಗೆ ಬಿಟ್ಟು..."

"ನಾಯಿ ಸತ್ತಿದೆ ಕಣ್ರೀ!" ಡಾರ್ಲೀನ್ ಎದ್ದ ರಭಸಕ್ಕೆ ಎರಡು ಚೀಲ ಒಡೆದು ಮಿಠಾಯಿ ನೆಲದ ತುಂಬ ಉರುಳಿತು. "ಆರು ವರ್ಷ ಆಯ್ತು ಸತ್ತು! ಆರು ವರ್ಷದಿಂದ ಸತ್ತ ನಾಯೀನ ಹೊರಗೆ ಬಿಡ್ತಿದೀರಾ! ನಾನು ಪಾಪ ಹೆದರ್ತಾರೆ, ಹೋಗ್ಲಿ ಅಂತ ಸುಮ್ನಿದ್ದೆ. ಈಗ ನೋಡಿ! ಮೇಪಲ್ ಬೀದಿಗೆ ಒಂದು ಮಗು ಕಾಲಿಡೋದಿಲ್ಲ. ಆ ಮುದುಕಿಗೆ ವರ್ಷಕ್ಕೆ ಒಂದು ಸಂಜೆ ಮನೆ ಬಾಗಿಲಿಗೆ ಜನ ಬರ್ತಿದ್ರು, ಆ ಒಂದು ಸಂಜೆನೂ ಕಿತ್ಕೊಂಡಿರಿ. ನಾಳೆ ಎದ್ದು ನಿಂತು ನಿಜ ಹೇಳ್ತೀರಿ. ಇಲ್ಲಾಂದ್ರೆ ಇವತ್ತಿಂದ ಬಣ್ಣದ ಡಬ್ಬಿಗಳ ಜೊತೆ ಅಂಗಡೀಲೇ ಮಲಗ್ತೀರಿ!"

ವೆಂಡೆಲ್ ಎರಡನ್ನೂ ತೂಗಿ ನೋಡಿದ. ಅಂಗಡಿಯಲ್ಲಿ ಚಳಿ. ಹಾಗಾಗಿ ನಿಜ ಹೇಳುವುದೆಂದು ತೀರ್ಮಾನಿಸಿದ. ಆದರೆ ನಿಜ ಹೇಳಿ ಅಭ್ಯಾಸವಿರಲಿಲ್ಲವಲ್ಲ, ಮೊದಲು ಸ್ವಲ್ಪ ತಾಲೀಮು ಮಾಡೋಣ ಎಂದು ರಾಯ್ಸ್‌ಗೆ ಫೋನ್ ಮಾಡಿದ.

"ರಾಯ್ಸ್, ಆ ಸಿನಿಮಾ ಇಲ್ಲ ಕಣೋ. ನಾನೇ ಕೂತು ಕಟ್ಟಿದ್ದು."

ಆಚೆಯಿಂದ ಗುಡುಗಿತು: "ಅಂದ್ರೆ ನಾನು ಸುಳ್ಳುಗಾರ ಅಂತೀಯಾ?"

"ಅಯ್ಯೋ ಇಲ್ಲಪ್ಪ. ಸುಳ್ಳುಗಾರ ನಾನು."

"ನೀನು ಸುಳ್ಳುಗಾರ ಆದ್ರೆ ನಾನು ಎರಡು ಸಲ ನೋಡಿದ್ದು ಏನನ್ನೋ?"

ಈ ಪ್ರಶ್ನೆಗೆ ದೊಡ್ಡ ದೊಡ್ಡ ತತ್ವಜ್ಞಾನಿಗಳ ಬಳಿಯೂ ಉತ್ತರ ಇದ್ದಂತಿಲ್ಲ. ವೆಂಡೆಲ್ ಫೋನ್ ಇಟ್ಟ. ಒಂದು ಕ್ಷಣ ಅವನಿಗೇ ಅನುಮಾನ ಬಂತು, ಎಲ್ಲೋ ಇದ್ದರೂ ಇರಬಹುದೇನೋ ಎಂದು.

ಶನಿವಾರ ಮಧ್ಯಾಹ್ನ ಎರಡು ಗಂಟೆ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ನೂರಿಪ್ಪತ್ತು ಕುರ್ಚಿ, ನೂರೆಂಬತ್ತು ಜನ. ಗೋಡೆಗೆ ಬಿಳಿ ಪರದೆ. ಆಗಸ್ಟಾ ಶೂಪ್ ಮುಂದಿನ ಸಾಲಿನ ನಟ್ಟನಡುವೆ ಕೋಟಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡು ಕೂತಿದ್ದಳು. ಗ್ವೆನ್ ಪ್ರಾಸರ್ ಕೈ ಚಾಚಿದಳು. "ಡಿಸ್ಕ್ ಕೊಡಿ ವೆಂಡೆಲ್."

ವೆಂಡೆಲ್ ಪರದೆಯ ಮುಂದೆ ನಿಂತ. "ಡಿಸ್ಕ್ ಇಲ್ಲ. ಸಿನಿಮಾನೂ ಇಲ್ಲ. ಹತ್ತೂ ಇಲ್ಲ. ನಾನೇ ಕಟ್ಟಿದ್ದು. ನಾನು ಒಂದು ಭಯದ ಸಿನಿಮಾನೂ ಪೂರ್ತಿ ನೋಡಿದವನಲ್ಲ."

ಜನ ಸಮಾಧಾನಪಟ್ಟುಕೊಳ್ಳುತ್ತಾರೆ ಎಂದು ಅವನು ಎಣಿಸಿದ್ದ. ಜನ ಎದ್ದು ನಿಂತರು.

"ಮೋಸ! ಡಿಸ್ಕ್ ಮನೇಲಿ ಬಚ್ಚಿಟ್ಟು ಬಂದಿದಾನೆ!"

"ಮುದುಕಿಗೆ ಹೆದರ್ಕೊಂಡು ಸುಳ್ಳು ಹೇಳ್ತಿದಾನೆ!"

"ನಾನು ನೋಡಿದೀನಿ ಕಣ್ರೀ ಆ ಸಿನಿಮಾ!" ಎಂದು ರಾಯ್ಸ್ ಕುರ್ಚಿಯ ಮೇಲೇ ಹತ್ತಿದ. "ನನ್ನ ಕಣ್ಣಿಗಿಂತ ಇವನ ಬಾಯಿ ದೊಡ್ಡದಾ?"

"ಏಳನೇದನ್ನ ಇಲ್ಲ ಅಂದ್ಯಾ? 'ಕೊನೆಯ ಗಿರಾಕಿ' ಇಲ್ವಾ? ಹಾಗಾದ್ರೆ ನಾನು ಅತ್ತಿದ್ದು ಯಾರಿಗೋಸ್ಕರ?" ಎಂದು ಕ್ಲೆಟಸ್ ಟವೆಲ್ ಕಿತ್ತು ನೆಲಕ್ಕೆ ಬಡಿದ.

"ಎಲ್ಲಾ ಕೂತ್ಕೊಳ್ಳಿ!"

ಶಾಲೆಯ ಊಟದ ಮನೆಯಲ್ಲಿ ಮುನ್ನೂರು ಮಕ್ಕಳನ್ನು ಒಂದೇ ಉಸಿರಿಗೆ ಕೂರಿಸುತ್ತಿದ್ದ ದನಿ ಅದು. ನೂರೆಂಬತ್ತು ಜನ ಕೂತರು. ಕುರ್ಚಿ ಇಲ್ಲದವರು ನೆಲದ ಮೇಲೆ ಕೂತರು. ಆಗಸ್ಟಾ ಶೂಪ್ ತಿರುಗಿ ನಿಂತಳು.

"ರಾಯ್ಸ್. ಆ ಹೆಂಗಸು ಉದ್ದನೋ ಗಿಡ್ಡನೋ?"

"ಉದ್ದ ಅಮ್ಮಾ. ಬಾಗಿಲಿನಷ್ಟು ಎತ್ತರ."

"ಕ್ಲೆಟಸ್?"

"ಗಿಡ್ಡ. ಸ್ಟೂಲ್ ಹಾಕ್ಕೊಂಡು ಸೂಪ್ ತಿರುವ್ತಾಳೆ."

"ಲೋ, ಸೂಪ್ ಎಲ್ಲಿತ್ತೋ ಅದರಲ್ಲಿ!" ಎಂದ ರಾಯ್ಸ್. "ನೀನು ಯಾವುದೋ ಬೇರೆ ನೋಡಿದೀಯ!"

"ನೀನು ನಿದ್ದೆ ಹೊಡೆದಿದೀಯ! ಬೆಂಕಿ ಬಿದ್ದಾಗಲೂ ನಿದ್ದೆ ಹೊಡಿಯೋನಲ್ವಾ ನೀನು!"

"ಪಾದ್ರಿಗಳೇ, ನೀವು?" ಎಂದು ಅಜ್ಜಿ ಮೂರನೇ ಸಾಲಿನತ್ತ ಕತ್ತು ತಿರುಗಿಸಿದಳು.

ಪಾದ್ರಿ ಬೆವರು ಒರೆಸಿಕೊಂಡರು. "ನಾನು... ಕೊನೆಯ ಅರ್ಧ ಗಂಟೆ ಮಾತ್ರ, ತಾಯಿ. ಅದೂ ಖಂಡಿಸೋದಕ್ಕೋಸ್ಕರ."

ಹೀಗೆ ಹನ್ನೊಂದು ಜನರನ್ನು ಎಬ್ಬಿಸಿ ಕೇಳಿದಳು. ಅವರ ಬಾಯಿಂದ ಹನ್ನೊಂದು ಬಗೆಯ ಹೆಂಗಸರು ಹೊರಬಂದರು. ಒಬ್ಬಳಿಗೆ ಒಂದು ಕಣ್ಣು, ಇನ್ನೊಬ್ಬಳಿಗೆ ಗಡ್ಡ. ನೋಡಿದವರು ಒಬ್ಬರ ಮೇಲೊಬ್ಬರು ಕೆಂಡ ಕಾರತೊಡಗಿದರು. ಅಜ್ಜಿಯ ಮುಖ ಮಾತ್ರ ಕೆಂಪಿನಿಂದ ಇನ್ನೂ ಕೆಂಪಾಯಿತು.

"ಅಂದ್ರೆ ಇಲ್ಲ. ಸಿನಿಮಾನೇ ಇಲ್ಲ. ಎಂಬತ್ತೊಂದು ವರ್ಷ ಈ ಊರಲ್ಲಿ ಬಾಳಿದ ಮೇಲೆ ನನ್ನ ಬಗ್ಗೆ ಒಂದು ಸಿನಿಮಾ ಬಂತು ಅಂದ್ರೆ, ಅದೂ ಇಲ್ಲ!" ಅವಳು ವೆಂಡೆಲ್ ಕಡೆ ಬೆರಳು ಚಾಚಿದಳು. "ಈ ಮಂಡಿ ಎಳ್ಕೊಂಡು ಇಪ್ಪತ್ತೆರಡು ಮೆಟ್ಟಿಲು ಇಳಿದು ಬಂದಿದೀನಿ. ಬರಿಗೈಲಿ ವಾಪಸ್ ಹೋಗೋಳಲ್ಲ. ಕಟ್ಟಿದೀಯಲ್ಲ? ಬಾಯಲ್ಲೇ ಹೇಳು. ಗ್ವೆನ್, ದೀಪ ಆರಿಸಮ್ಮ."

ದೀಪ ಆರಿತು. ವೆಂಡೆಲ್‌ಗೆ ಓಡಲು ಜಾಗವಿರಲಿಲ್ಲ. ಪರದೆಗೆ ಬೆನ್ನು ಒತ್ತಿಕೊಂಡು ಶುರುಮಾಡಿದ.

"ಒಂದು... ಒಂದು ಮೂಲೆಮನೆ. ಹೆಂಗಸು ಒಬ್ಬಳೇ. ಆರು ಗಂಟೆ ಸೈರನ್ ಕೂಗ್ತು. ಅವಳು ದೀಪ ಹಚ್ಚಿದ್ಲು. ಯಾರೋ ಬಾಗಿಲು ತಟ್ಟಿದ್ರು. ತೆಗೆದು ನೋಡಿದ್ರೆ ಯಾರೂ ಇಲ್ಲ. ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ ಗುರುತು. ಸಣ್ಣ ಸಣ್ಣವು. ಹೊಸಿಲು ದಾಟಿವೆ. ಒಳಗೆ ಬಂದಿವೆ." ಅವನ ಕೂದಲು ನಿಮಿರಿತು. "ಹೊರಗೆ ಹೋದ ಗುರುತಿಲ್ಲ. ಅವಳ ಬೆನ್ನ ಹಿಂದೆ ಅಡುಗೆಮನೇಲಿ... ಬೆಂಚು ಎಳೆದ ಸದ್ದು..."

ಅಲ್ಲಿಗೆ ಮಾತು ನಿಂತಿತು.

"ಆಮೇಲೆ?" ಎಂದಿತು ಕತ್ತಲು.

"ಆಗಲ್ಲ," ಎಂದ ವೆಂಡೆಲ್.

"ಆಮೇಲೇನಾಯ್ತೋ, ಹೇಳೋ ದರಿದ್ರದವನೇ!"

"ಆಗಲ್ರೀ! ನನಗೆ ಹೆದರಿಕೆ ಆಗ್ತಿದೆ!"

ಕತ್ತಲಲ್ಲಿ ಊರೆಲ್ಲ ಬೈಯತೊಡಗಿತು. ಆ ಬೈಗುಳದ ನಡುವೆ ಮುಂದಿನ ಸಾಲಿನಿಂದ ಮೆಲ್ಲಗೆ ಒಂದು ದನಿ ಎದ್ದಿತು. ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಿರದಷ್ಟು ಮೆಲ್ಲಗೆ.

"ಅವಳು ತಿರುಗಿ ನೋಡಿದ್ಲು. ಉದ್ದ ಬೆಂಚಿನ ಮೇಲೆ ಸಾಲಾಗಿ ಕೂತಿದ್ರು. ಅವಳು ಊಟ ಹಾಕಿದ ಮಕ್ಕಳೇ. ಒಬ್ಬೊಬ್ಬರನ್ನೂ ಗುರುತು ಹಿಡಿದ್ಲು. ಆದ್ರೆ ದೊಡ್ಡವರಾಗಿದ್ರು. ಮೀಸೆ ಬಂದಿತ್ತು, ಕೆಲವರಿಗೆ ತಲೆ ಬೋಳಾಗಿತ್ತು. ತಟ್ಟೆ ಖಾಲಿ, ಬಾಯಿ ಮಾತ್ರ ಆಡ್ತಾ ಇತ್ತು. ಎಲ್ಲರೂ ಅವಳ ವಿಷಯವನ್ನೇ ಮಾತಾಡ್ತಿದ್ರು, ಅವಳು ಅಲ್ಲೇ ನಿಂತಿರೋದು ಗೊತ್ತಿಲ್ಲದ ಹಾಗೆ. ಅವಳು ಗೋಡೆಯಿಂದ ದೊಡ್ಡ ಸೌಟು ಇಳಿಸಿದ್ಲು."

"ಆ... ಆಮೇಲಮ್ಮಾ?" ಎಂದ ರಾಯ್ಸ್. ಅವನ ಗಂಟಲು ಅರ್ಧಕ್ಕೆ ಇಳಿದಿತ್ತು.

"ಆಮೇಲೆ ಆ ಮನೇಲಿ ಮಾತಾಡೋರು ಯಾರೂ ಉಳೀಲಿಲ್ಲ."

ಗ್ವೆನ್ ದೀಪ ಹಾಕಿದಾಗ ಊರಿನ ಗಂಡಸರು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡು ಕೂತಿದ್ದರು. ಕ್ಲೆಟಸ್ ತನ್ನ ಟವೆಲನ್ನು ತಲೆಯ ಮೇಲೆ ಹೊದ್ದಿದ್ದ. "ಇದು..." ಎಂದು ರಾಯ್ಸ್ ಪಿಸುಗುಟ್ಟಿದ, "ಇದು ನಾನು ನೋಡಿದ್ದಲ್ಲ."

ಆಗಸ್ಟಾ ಶೂಪ್ ಕೋಟು ಸರಿಮಾಡಿಕೊಂಡಳು. "ಗುರುವಾರ ದೀಪ ಹಚ್ತೀನಿ. ಆದ್ರೆ ಮಕ್ಕಳಿಗೆ ಭಯ ಹಾಕಿರೋನು ಇವನು, ಅದನ್ನ ತೆಗೀಬೇಕಾದೋನೂ ಇವನೇ. ನನ್ನ ಮನೆಗೆ ಮೊದಲು ವೆಂಡೆಲ್ ಬರ್ತಾನೆ, ಒಬ್ಬನೇ. ಅವನು ಒಳಗೆ ಬಂದು ಹೊರಗೆ ಹೋಗೋದನ್ನ ಮಕ್ಕಳೆಲ್ಲ ಕಣ್ಣಾರೆ ನೋಡಲಿ. ಅವನು ಬರಲಿಲ್ಲ ಅಂದ್ರೆ ದೀಪ ಆರಿಸಿಬಿಡ್ತೀನಿ. ಇನ್ನು ಮೇಲೆ ಯಾವ ವರ್ಷಾನೂ ಹಚ್ಚಲ್ಲ."

ಗುರುವಾರ ಆರಕ್ಕೆ ಸೈರನ್ ಕೂಗಿತು. ಮೂಲೆಮನೆಯ ಜಗಲಿ ದೀಪ ಹತ್ತಿತು. ಅದರ ಗೇಟಿನ ಮುಂದೆ ವೆಂಡೆಲ್ ನಿಂತಿದ್ದ. ಅವನ ಹಿಂದೆ ಮೇಪಲ್ ಬೀದಿಯ ಉದ್ದಕ್ಕೂ ಅಸ್ಥಿಪಂಜರ, ಮಾಟಗಾತಿ, ಕಡಲುಗಳ್ಳ, ಎರಡು ಕಾಲಿನ ಕುಂಬಳಕಾಯಿ ಹೀಗೆ ಊರಿನ ಮಕ್ಕಳೆಲ್ಲ ಸಾಲು ನಿಂತಿದ್ದರು. ಎರಡೂ ಬದಿಗೆ ದೊಡ್ಡವರು. ವೆಂಡೆಲ್ ಗೇಟಿನ ಚಿಲಕ ಹಿಡಿದ. ಬಿಟ್ಟ. ಮತ್ತೆ ಹಿಡಿದ.

ಹತ್ತು ನಿಮಿಷ ಕಳೆಯಿತು.

"ಅಂಕಲ್, ಎಂಟಕ್ಕೆ ಮತ್ತೆ ಸೈರನ್ ಹೊಡೀತಾರೆ!" ಎಂದು ಅಸ್ಥಿಪಂಜರ ಕಿರುಚಿತು.

"ಬರೋ ವರ್ಷ ಹೋಗ್ತೀರಾ ಒಳಗೆ?"

"ಏನ್ ಅಂಕಲ್ ನೀವು, ಇಷ್ಟು ದೊಡ್ಡೋರಾಗಿ!"

"ಹೋಗ್ರೀ ಅತ್ಲಾಗೆ!" ಎಂದು ಡಾರ್ಲೀನ್ ಬೀದಿಯಾಚೆಯಿಂದ ಕೂಗಿದಳು.

ಏಳು ವರ್ಷದ ಮಾಟಗಾತಿಯೊಬ್ಬಳು ತಾಳ್ಮೆಗೆಟ್ಟು ಪೊರಕೆಯಿಂದ ಅವನ ಬೆನ್ನಿಗೆ ತಿವಿದಳು. ಮರುಕ್ಷಣ ವೆಂಡೆಲ್ ಮೆಟ್ಟಿಲ ಮೇಲಿದ್ದ. ಬಾಗಿಲು ತಟ್ಟಿದನೋ, ಅವನ ಮಂಡಿಗಳೇ ಬಾಗಿಲಿಗೆ ಬಡಿದವೋ, ಅದು ಇಂದಿಗೂ ಇತ್ಯರ್ಥವಾಗಿಲ್ಲ. ಬಾಗಿಲು ತೆರೆಯಿತು. ಅವನು ಹೊಸಿಲು ದಾಟಿದ. ಬೀದಿಯೆಲ್ಲ ಗೇಟಿನತ್ತ ಕತ್ತು ಚಾಚಿತು.

ಒಳಗೆ ಆಗಸ್ಟಾ ಶೂಪ್ ದೊಡ್ಡ ಪಾತ್ರೆಯ ಹಿಂದೆ ನಿಂತಿದ್ದಳು. ಪಾತ್ರೆಯ ತುಂಬ ಸಕ್ಕರೆ ಪಾಕ ಹಾಕಿ ಕಟ್ಟಿದ ಪಾಪ್‌ಕಾರ್ನ್ ಉಂಡೆ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಹುಬ್ಬು ಗಂಟಾಯಿತು.

"ಚೀಲ ಎಲ್ಲೋ?"

"ಅಮ್ಮಾ?"

"ಬೇಡೋಕೆ ಬಂದಿದೀಯ, ಚೀಲ ಇಲ್ಲ, ವೇಷ ಇಲ್ಲ! ಇದೇನ್ ಕ್ರಮನೋ! ಆ ಟೋಪಿ ಹಿಡಿ!"

ವೆಂಡೆಲ್ ಟೋಪಿ ಕಳಚಿ ಎರಡೂ ಕೈಯಲ್ಲಿ ಹಿಡಿದ. ಉಂಡೆಯೊಂದು ಧಡ್ ಎಂದು ಬಿತ್ತು. ಅಜ್ಜಿ ಅವನ ತೋಳು ಹಿಡಿದು ಎಳೆದುಕೊಂಡು ಹೊರಗೆ ಜಗಲಿಗೆ ಬಂದು, ದೀಪದ ಕೆಳಗೆ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದಳು.

"ನೋಡ್ಕೊಳ್ಳಿ! ಒಳಗೆ ಬಂದದ್ದು ಒಬ್ಬ, ಹೊರಗೆ ಹೋಗ್ತಿರೋದೂ ಒಬ್ಬ! ಕೈಕಾಲೆಲ್ಲ ನೆಟ್ಟಗಿವೆ!" ಆಮೇಲೆ ಅವನ ಕಡೆ ತಿರುಗಿದಳು. "ಹೆದರಿಕೆ ಆಯ್ತೇನೋ?"

ಗೇಟಿನಾಚೆ ರಾಯ್ಸ್ ಕಿವಿ ನಿಮಿರಿಸಿದ್ದ, ಕ್ಲೆಟಸ್ ನಿಮಿರಿಸಿದ್ದ, ಮುಖವಾಡಗಳ ಹಿಂದೆ ಇನ್ನೂರು ಜೊತೆ ಕಿವಿಗಳು ನಿಮಿರಿದ್ದವು. ವೆಂಡೆಲ್ ಬಾಯಿ ತೆರೆದ. ಹತ್ತೊಂಬತ್ತು ವರ್ಷದ ಅಭ್ಯಾಸ ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಅದನ್ನು ನುಂಗಿಕೊಂಡ.

"ತುಂಬಾ ಆಯ್ತಮ್ಮಾ."

"ಮೊದಲೇ ಹೇಳೋಕೇನಾಗಿತ್ತೋ ಮಂಕೇ," ಎಂದು ಗದರಿ, ಅಜ್ಜಿ ಅವನ ಟೋಪಿಗೆ ಇನ್ನೊಂದು ಉಂಡೆ ಹಾಕಿದಳು.